ಹಿಂದಿನ ಸೀಟಿನ ಪ್ಲಾಸ್ಟಿಕ್ ಕಿಟಕಿ

ತಿಪಟೂರಿನಲ್ಲಿ ಒಬ್ಬ ಮೆಕ್ಯಾನಿಕ್ಕಿನ ಹೆಸರು ಕೆಡಿಸಿದ್ದು ನಾನು. ಅವನ ಕೆಲಸ ಸರಿಯಿಲ್ಲ ಎಂದು ನಾನು ಹೇಳಿದೆ, ನಾನು ಹೇಳಿದೆ ಎನ್ನುವ ಕಾರಣಕ್ಕೇ ಜನ ನಂಬಿದರು. ನನ್ನ ಮಾತಿಗೆ ಆ ತೂಕ ಬಂದಿದ್ದು ಓದಿನಿಂದ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಅಪ್ಪ ಕಂಡವರ ತೋಟದಲ್ಲಿ ಮರ ಹತ್ತಿ ಕಾಯಿ ಕೆಡವುತ್ತಿದ್ದ, ಅವ್ವ ಅದೇ ತೋಟಗಳಲ್ಲಿ ಕೂತು ಕಾಯಿ ಸುಲಿಯುತ್ತಿದ್ದಳು. ಅವರಿಬ್ಬರ ಕೂಲಿಯಲ್ಲಿ ಬಿ.ಎಸ್ಸಿ., ಆಮೇಲೆ ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದೆ. ಇದನ್ನು ಹೇಳಿಕೊಳ್ಳುವಾಗ ಈಗಲೂ ನನ್ನ ಎದೆ ಸ್ವಲ್ಪ ಉಬ್ಬುತ್ತದೆ. ಉಬ್ಬಲಿ, ಅದೇನು ಸುಮ್ಮನೆ ಬಂದದ್ದಲ್ಲ. ಆದರೆ ಉಬ್ಬಿದ ಎದೆಯಿಂದಲೇ ಇನ್ನೊಬ್ಬನನ್ನು ನೂಕಿದೆ ಎನ್ನುವುದೂ ನಿಜ.

ಮೂರು ವರ್ಷದ ಹಿಂದೆ ಒಂದು ಹಳೆಯ ಕಾರು ಕೊಂಡೆ. ವ್ಯಾನಿನ ಹಾಗೆ ಚೌಕಾಕಾರದ್ದು, ಹಿಂದಿನ ಸೀಟಿನ ಪಕ್ಕ ದೊಡ್ಡ ಕಿಟಕಿ, ಆ ಕಿಟಕಿಯನ್ನು ತೆರೆಯುವ ಹಾಗಿಲ್ಲ, ರಬ್ಬರಿನಲ್ಲಿ ಕೂರಿಸಿದ ಗಾಜು. ಅವ್ವನಿಗೆ ಆ ಜಾಗವೇ ಇಷ್ಟ. ಮುಂದೆ ಕೂತುಕೋ ಎಂದರೆ ಬರುತ್ತಿರಲಿಲ್ಲ. ಹಿಂದೆ ಕೂತು, ಗಾಜಿಗೆ ಹಣೆ ತಾಗುವಷ್ಟು ವಾಲಿಕೊಂಡು, ದಾರಿಯುದ್ದಕ್ಕೂ ತೋಟಗಳನ್ನು ನೋಡುತ್ತಿದ್ದಳು. "ಇದು ನಾನು ಸುಲ್ದಿರೋ ತೋಟ," "ಅಗೋ ಅದೂನೂವೆ," ಎನ್ನುತ್ತಿದ್ದಳು. ನಮ್ಮೂರು ಬಿಳಿಗೆರೆಯಿಂದ ತಿಪಟೂರಿಗೆ ಹೋಗುವಷ್ಟರಲ್ಲಿ ಅವಳು ಸುಲಿಯದೆ ಬಿಟ್ಟ ತೋಟ ಕಡಿಮೆ.

ಆ ಗಾಜು ಒಡೆದದ್ದು ನನ್ನ ಜಾಣತನದಿಂದ. ನಮಗೂ ಈಗ ಒಂದಿಷ್ಟು ತೆಂಗಿನ ಮರಗಳಿವೆ. ಒಂದು ಭಾನುವಾರ ಮಧ್ಯಾಹ್ನ ಕಾರನ್ನು ಮರದ ನೆರಳಿಗೆ ನಿಲ್ಲಿಸಿದೆ. ಅವ್ವ ನೋಡಿದವಳೇ, "ಅಲ್ಲಿ ಬ್ಯಾಡ ಕಣಪ್ಪ, ಮೇಲೆ ಗರಿ ಒಣಗೈತೆ, ಇವತ್ತೋ ನಾಳೆಯೋ ಬೀಳ್ತದೆ," ಅಂದಳು. "ಬಿಸಿಲಿಗೆ ಬಣ್ಣ ಹಾಳಾಗ್ತದೆ, ನಿಂಗೊತ್ತಾಗಲ್ಲ ಸುಮ್ನಿರವ್ವ," ಎಂದೆ. ಊಟ ಮಾಡಿ ಕೈ ತೊಳೆಯುತ್ತಿದ್ದಾಗ ಸದ್ದು ಕೇಳಿತು. ಗರಿ ಬುಡಸಮೇತ ಕಳಚಿಕೊಂಡು, ಆ ಕಿಟಕಿಯ ಗಾಜನ್ನು ಕಲ್ಲುಸಕ್ಕರೆಯ ಹಾಗೆ ಪುಡಿ ಮಾಡಿತ್ತು. ಅವ್ವ ಪೊರಕೆ ತಂದು ಸೀಟಿನ ಮೇಲಿನ ಚೂರುಗಳನ್ನು ಗುಡಿಸಿದಳು.

ಕಂಪನಿಯವರು ಆ ಕಾರು ಮಾಡುವುದನ್ನೇ ಬಿಟ್ಟಿದ್ದರು. ತಿಪಟೂರು, ತುಮಕೂರು ಎರಡೂ ಕಡೆ ವಿಚಾರಿಸಿದೆ, ಗುಜರಿ ಅಂಗಡಿಗಳಲ್ಲೂ ಹುಡುಕಿದೆ. ಆ ಅಳತೆಯ ಗಾಜು ಸಿಗಲಿಲ್ಲ. ಯಾರೋ ಹೇಳಿದರು, ತುರುವೇಕೆರೆ ರಸ್ತೆಯಲ್ಲಿ ಒಂದು ಶೆಡ್ ಇದೆ, ಅಲ್ಲಿ ಒಬ್ಬ ಸಾಬರು ಪ್ಲಾಸ್ಟಿಕ್ ಶೀಟು ಕತ್ತರಿಸಿ ಕಿಟಕಿ ಕೂರಿಸಿಕೊಡ್ತಾರೆ, ಒಳ್ಳೇ ಕೆಲಸ ಅಂತ.

ಎಲ್ಲರೂ ಅವರನ್ನು ಭಾಯ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಐವತ್ತು ದಾಟಿದ ಮನುಷ್ಯ, ಕನ್ನಡಕದ ಒಂದು ಕಡ್ಡಿ ಮುರಿದು ಅದಕ್ಕೆ ದಾರ ಕಟ್ಟಿಕೊಂಡಿದ್ದರು. ಕಾರನ್ನು ಒಂದು ಸುತ್ತು ಹಾಕಿ ನೋಡಿದರು.

"ಮುಂದಿನ ಗ್ಲಾಸ್ ಆಗಿದ್ರೆ ಪ್ಲಾಸ್ಟಿಕ್ ಹಾಕ್ತಿರ್ಲಿಲ್ಲ ಸಾರ್. ಇದು ಪಕ್ಕದ್ದು, ಗಾಜು ಸಿಗೋವರ್ಗೂ ನಡೀತದೆ."

ಒಳಗಿನಿಂದ ಎರಡು ತುಂಡು ತಂದರು. ಎರಡೂ ನೋಡಲು ಒಂದೇ, ಗಾಜಿನ ಹಾಗೆ ತಿಳಿ. ಮೊದಲನೆಯದನ್ನು ಎರಡು ಇಟ್ಟಿಗೆಗಳ ಮಧ್ಯೆ ಇಟ್ಟು ಸುತ್ತಿಗೆಯಿಂದ ಕುಟ್ಟಿದರು. ಎರಡನೇ ಏಟಿಗೆ ಚಟ್ ಎಂದು ಸೀಳಿತು. "ಇದು ಅಕ್ರಿಲಿಕ್." ಎರಡನೆಯದಕ್ಕೆ ಎಷ್ಟು ಕುಟ್ಟಿದರೂ ಸಣ್ಣ ತಗ್ಗು ಬಿತ್ತೇ ಹೊರತು ಒಡೆಯಲಿಲ್ಲ. "ಇದು ಪಾಲಿ."

"ಪಾಲಿಕಾರ್ಬೊನೇಟ್," ಎಂದೆ.

"ಅದೇ ಸಾರ್, ಪಾಲಿ." ಆಮೇಲೆ ಒಂದು ಮೊಳೆ ತಗೊಂಡು ಎರಡರ ಮೇಲೂ ಗೀರಿದರು. ಅಕ್ರಿಲಿಕ್ ಮೇಲೆ ಕೂದಲೆಳೆಯಂಥ ಗೆರೆ ಬಿತ್ತು. ಪಾಲಿಯ ಮೇಲೆ ಉಳುಮೆ ಮಾಡಿದಂತಾಯಿತು. "ನೋಡಿ, ಒಂದಕ್ಕೆ ಧೈರ್ಯ ಜಾಸ್ತಿ, ಚರ್ಮ ಮೆತ್ತಗೆ. ಇನ್ನೊಂದಕ್ಕೆ ಚರ್ಮ ಗಟ್ಟಿ, ಧೈರ್ಯ ಇಲ್ಲ. ಗಾಡಿ ಎಲ್ಲಿ ನಿಲ್ಲಿಸ್ತೀರಾ?"

"ತೋಟದ ಮನೆ."

"ಅಂಗಾರೆ ಪಾಲಿನೇ ಹಾಕ್ಸಿ. ಗೀರು ಬೀಳ್ದಂಗೆ ಮೇಲೆ ಕೋಟಿಂಗ್ ಮಾಡಿರೋದೂ ಬತ್ತದೆ. ಬೆಂಗ್ಳೂರಿಂದ ತರಿಸ್ಬೇಕು, ಹದಿನೈದು ದಿನ ಕಾಯ್ಬೇಕಾಯ್ತದೆ. ಕಾಯ್ತೀರಾ?"

ಕಾಯಲು ನನಗೆ ಇಷ್ಟವಿರಲಿಲ್ಲ. ಕಿಟಕಿಗೆ ಗೊಬ್ಬರದ ಚೀಲ ಕಟ್ಟಿಕೊಂಡು ಶಾಲೆಯ ಮುಂದೆ ಇಳಿಯುವುದು ಮೂರೇ ದಿನಕ್ಕೆ ಸಾಕಾಗಿತ್ತು. ಕೋಟಿಂಗ್ ಇಲ್ಲದ ಸಾದಾ ಪಾಲಿಯೇ ಹಾಕಿ ಎಂದೆ.

ಮುಂದಿನ ಶನಿವಾರ ಮಧ್ಯಾಹ್ನ ಕೆಲಸ. ಇದನ್ನು ಬರೆಯಲು ಈಗ ಸಂಕಟವಾಗುತ್ತದೆ, ಯಾಕೆಂದರೆ ಆ ಕೆಲಸ ಅಷ್ಟು ಚೆನ್ನಾಗಿತ್ತು. ಮೊದಲು ಹಳೆಯ ರಬ್ಬರ್ ಬಿಚ್ಚಿ, ಸಂದಿಯಲ್ಲಿ ಉಳಿದಿದ್ದ ಗಾಜಿನ ಹರಳುಗಳನ್ನು ಬ್ರಶ್ಶಿನಿಂದ ಒಂದೊಂದಾಗಿ ತೆಗೆದರು. ರಟ್ಟಿನ ಪೆಟ್ಟಿಗೆ ಬಿಡಿಸಿ, ಕಿಟಕಿಯ ಚೌಕಟ್ಟಿಗೆ ಒತ್ತಿ, ಮೂಲೆಗಳ ತಿರುವು ಸರಿಯಾಗಿ ಬರುವ ತನಕ ಮೂರು ಸಲ ಕತ್ತರಿಸಿದರು. ಆ ರಟ್ಟನ್ನು ಶೀಟಿನ ಮೇಲಿಟ್ಟು ಗೆರೆ ಎಳೆಯುವಾಗ ಎಲ್ಲ ಕಡೆಯೂ ಗೆರೆಯನ್ನು ಸ್ವಲ್ಪ ಒಳಕ್ಕೆ ತಂದರು.

"ಬಿಸಿಲಿಗೆ ಹಿಗ್ತದೆ ಸಾರ್. ಉಸಿರಾಡೋಕೆ ಜಾಗ ಬಿಡ್ಬೇಕು. ಇಲ್ದಿದ್ರೆ ಮಧ್ಯ ಉಬ್ಬಿಕೊಂಡು ರಬ್ಬರಿಂದ ಎದ್ದು ಬತ್ತದೆ."

ನಾನು ಉಷ್ಣದಿಂದ ಘನವಸ್ತುಗಳು ಹಿಗ್ಗುವುದರ ಬಗ್ಗೆ ಒಂದು ಪಾಠವನ್ನೇ ಮಾಡಿದೆ. ರೈಲು ಹಳಿಯ ಉದಾಹರಣೆಯನ್ನೂ ಕೊಟ್ಟೆ. ಅವರು ತಲೆಯಾಡಿಸುತ್ತಾ ಕೇಳಿಸಿಕೊಂಡರು, ಕೈ ನಿಲ್ಲಿಸಲಿಲ್ಲ. ಸಣ್ಣ ಹಲ್ಲಿನ ಗರಗಸದಲ್ಲಿ ನಿಧಾನ ಕೊಯ್ದರು. ಜೋರು ಮಾಡಿದರೆ ಪ್ಲಾಸ್ಟಿಕ್ ಕರಗಿ ಬ್ಲೇಡಿಗೆ ಅಂಟಿಕೊಳ್ಳುತ್ತದಂತೆ. ಅಂಚಿಗೆ ಅರ ಹಾಕಿದರು. ಶೀಟಿನ ಎರಡೂ ಮೈಗೆ ತೆಳುವಾದ ಹಾಳೆ ಅಂಟಿಸಿರುತ್ತಾರೆ, ಅಕ್ಷರ ಅಚ್ಚಾಗಿರುವ ಮಗ್ಗುಲು ಹೊರಗೆ ಬಿಸಿಲಿಗೆ ಬರಬೇಕು, ಆ ಹಾಳೆಯನ್ನು ಕೊನೆಯವರೆಗೂ ಕೀಳಬಾರದು.

ಕೂರಿಸುವುದು ಇನ್ನೂ ಸೊಗಸು. ಶೀಟಿನ ಸುತ್ತ ರಬ್ಬರ್ ಹಾಕಿ, ರಬ್ಬರಿನ ಹೊರಗಡೆಯ ಸೀಳಿನಲ್ಲಿ ನೈಲಾನ್ ದಾರ ತೂರಿಸಿ, ಅದರ ಎರಡು ತುದಿಗಳನ್ನು ಕಾರಿನ ಒಳಕ್ಕೆ ಬಿಟ್ಟರು. ಎಲ್ಲಕ್ಕೂ ಸೋಪಿನ ನೀರು ಬಳಿದರು. ಹೊರಗಿನಿಂದ ಅವರು ಅಂಗೈಯಲ್ಲಿ ಒತ್ತುವುದು, ಒಳಗೆ ಕೂತು ನಾನು ದಾರ ಎಳೆಯುವುದು. ದಾರ ಬಂದ ಕಡೆಯಲ್ಲೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಕ್ಕೆ ಮಗುಚಿಕೊಳ್ಳುತ್ತಿತ್ತು.

"ಎಳೀರಿ ಸಾರ್, ಎಳೀರಿ. ಹಸು ಹಗ್ಗ ಎಳ್ದಂಗೆ ಎಳೀಬ್ಯಾಡಿ, ಮೆಲ್ಲಕೆ."

ಒಂದು ಸುತ್ತು ಮುಗಿದಾಗ ಕಿಟಕಿ ಕೂತಿತ್ತು. ಹಾಳೆ ಕಿತ್ತರು. ಅಲ್ಲೇನೂ ಇಲ್ಲವೇನೋ ಎನ್ನುವಷ್ಟು ತಿಳಿಯಾಗಿತ್ತು.

ಹೊರಡುವಾಗ ಅವರು ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ಸೋಪಿನ ನೀರು, ಹಳೇ ಬನೀನ್ ಬಟ್ಟೆ, ಅಷ್ಟೇ ಸಾರ್. ಪೆಟ್ರೋಲ್ ಮುಟ್ಟಿಸ್ಬ್ಯಾಡಿ. ತೆಂಗಿನ ನಾರಂತೂ ಹತ್ರಕ್ಕೇ ತರಬ್ಯಾಡಿ. ಮನೇಲೂ ಹೇಳ್ಬುಡಿ. ನಮ್ಮ ಕಡೆ ಹೆಂಗಸ್ರು ಕೈಗೆ ನಾರು ಸಿಕ್ರೆ ಏನ್ ಉಜ್ತಾ ಇದೀವಿ ಅಂತ ನೋಡಲ್ಲ. ನಮ್ಮನೇಲಿ ನನ್ನ ಕನ್ನಡಕಾನೇ ಉಜ್ಬುಟ್ಟಿದ್ರು."

"ವಿಜ್ಞಾನದ ಮೇಷ್ಟ್ರಿಗೆ ಹೇಳ್ತೀರಾ ಭಾಯ್?" ಎಂದು ನಕ್ಕೆ.

"ನಿಮಗಲ್ಲ ಸಾರ್, ಮನೆಯೋರಿಗೆ," ಅಂದರು ಅವರು.

ನಾನು ಮನೆಯಲ್ಲಿ ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಮನೆಗೆ ಬಂದಾಗ ಅವ್ವ ಹೊಸ ಕಿಟಕಿಯನ್ನು ಸೆರಗಿನಿಂದ ಮುಟ್ಟಿ ನೋಡಿ, "ಇದು ಗಾಜಾ?" ಎಂದು ಕೇಳಿದಳು. ಹೇಳಲು ಅದೇ ಸಮಯವಾಗಿತ್ತು. ಗಾಜಿಗೂ ಪ್ಲಾಸ್ಟಿಕ್ಕಿಗೂ ಇರುವ ವ್ಯತ್ಯಾಸ ಇವಳಿಗೆ ಹೇಳಿ ಏನಾಗಬೇಕು ಅನ್ನಿಸಿತು. "ಗಾಜೇ ಅಂದ್ಕೋ," ಎಂದು ಒಳಗೆ ಹೋದೆ.

ಶಾಲೆಯಲ್ಲಿ ಮಾತ್ರ ಭಾಯ್ ಕೆಲಸವನ್ನು ಹೊಗಳಿದೆ. ನಮ್ಮದು ಖಾಸಗಿ ಆಡಳಿತ ಮಂಡಳಿಯ ಶಾಲೆ. ಮಕ್ಕಳನ್ನು ಕರೆತರುವ ಹಳೆಯ ವ್ಯಾನಿನ ಕಿಟಕಿಗಳು ಬಿರುಕು ಬಿಟ್ಟು, ಕೆಲವಕ್ಕೆ ಟಾರ್ಪಾಲು ಕಟ್ಟಿದ್ದರು. ಹೆಡ್‌ಮಾಸ್ಟರ್ ನನ್ನ ಕಾರಿನ ಕಿಟಕಿಯನ್ನು ತಟ್ಟಿ ನೋಡಿ, "ಒಡೆಯಲ್ಲ ಅಂದ್ರೆ ಮಕ್ಕಳ ಗಾಡಿಗೆ ಇದೇ ಸರಿ ಮೇಷ್ಟ್ರೇ, ಆ ಮನುಷ್ಯನಿಗೇ ಹೇಳಿ," ಎಂದರು. ಹೇಳಿದೆ. ಭಾಯ್ ಮುಖ ಅರಳಿತು. ಶಾಲೆಯ ಗಾಡಿ ಮಾಡಿದರೆ ಬೇರೆ ಶಾಲೆಯವರೂ ಬರುತ್ತಾರೆ, ಕಂಡವರ ಟೈರು ಬಿಚ್ಚುವುದು ತಪ್ಪುತ್ತದೆ ಎಂದರು. ನನ್ನ ಮಾತಿನ ಮೇಲೆ ಒಂದು ಇಡೀ ಶೀಟು ತರಿಸಿ ಶೆಡ್ಡಿನ ಗೋಡೆಗೆ ಒರಗಿಸಿಟ್ಟುಕೊಂಡರು. ಈ ಸಲ ಕೋಟಿಂಗ್ ಇದ್ದದ್ದನ್ನೇ ತರಿಸಿದ್ದರು. ಶಾಲೆಗೆ ರಜ ಬಂದಾಗ ಕೆಲಸ ಶುರು ಎಂದು ತೀರ್ಮಾನವಾಯಿತು.

ಎರಡು ತಿಂಗಳೊಳಗೆ ನನ್ನ ಕಿಟಕಿ ಮಂಕಾಗತೊಡಗಿತು. ಮೊದಲು ಸಂಜೆ ಬಿಸಿಲು ಬಿದ್ದಾಗ ಮಾತ್ರ ಜೇಡರ ಬಲೆಯಂತೆ ಕಾಣುತ್ತಿತ್ತು. ಆಮೇಲೆ ಹಗಲೆಲ್ಲ ಮಜ್ಜಿಗೆ ನೀರು ಬಳಿದ ಹಾಗಾಯಿತು. ಒಂದು ದಿನ ಸಂಪಿಗೆ ಎನ್ನುವ ಊರಿನ ದೇವಸ್ಥಾನಕ್ಕೆ ಹೋಗುವಾಗ ಹಿಂದಿನಿಂದ ಅವ್ವ, "ಯಾಕೋ ಮಗಾ, ಹೊರ್ಗಡೆ ಏನೂ ತಿಳಿಯಾಗಿ ಕಾಣಲ್ಲ," ಅಂದಳು.

"ವಯಸ್ಸಾಯ್ತಲ್ಲವ್ವ, ಕಣ್ಣು ತೋರಿಸ್ಬೇಕು," ಎಂದೆ.

ಅವಳಿಗೆ ಹಾಗೆಂದವನು ಮರುದಿನವೇ ಕಿಟಕಿ ತೋರಿಸಲು ಭಾಯ್ ಶೆಡ್ಡಿಗೆ ಹೋದೆ. ಸೋಮವಾರ, ಶಾಲೆ ಬಿಟ್ಟ ಮೇಲೆ. ಆಟೋದವರು ನಾಲ್ಕೈದು ಜನ ಟೀ ಕುಡಿಯುತ್ತಾ ನಿಂತಿದ್ದರು. ಅಷ್ಟು ಜನರಿದ್ದಾರೆ ಅಂತ ನನ್ನ ದನಿ ಏರಿತು, ಇಳಿಯಲಿಲ್ಲ.

"ಏನಯ್ಯಾ ಇದು? ಯಾವ ಡಬ್ಬಾ ಶೀಟು ಹಾಕಿದೀಯಾ ನನಗೆ?"

ಅಲ್ಲಿಯವರೆಗೆ ಅವರಿಗೆ ನೀವು ಎನ್ನುತ್ತಿದ್ದೆ. ಆ ದಿನ ಬಾಯಿಗೆ ನೀನು ಬಂತು. ಅವರು ಮಾತ್ರ ನನಗೆ ಸಾರ್ ಎನ್ನುವುದನ್ನು ಬಿಡಲಿಲ್ಲ. ಕಿಟಕಿಯ ಹತ್ತಿರ ಬಗ್ಗಿ, ದಾರ ಕಟ್ಟಿದ ಕನ್ನಡಕವನ್ನು ಎತ್ತಿ, ಬೆರಳ ತುದಿಯಿಂದ ಸವರಿದರು.

"ಸಾರ್, ಇದು ತಾನಾಗಿ ಆಗಿರೋದಲ್ಲ. ಇಲ್ನೋಡಿ, ಸುತ್ತ ಸುತ್ತ ಗೆರೆ. ಯಾರೋ ಉಜ್ಜವ್ರೆ."

"ಯಾರಯ್ಯಾ ಉಜ್ತಾರೆ? ನಮ್ಮನೇಲಿ ನನ್ನ ಬಿಟ್ರೆ ಕಾರು ಮುಟ್ಟೋರೇ ಇಲ್ಲ. ಹಳೇ ಶೀಟು ಹಾಕ್ಬುಟ್ಟು ನಮ್ಮ ಮೇಲೆ ಹೇಳ್ತೀಯಾ?"

"ಒಂದ್ಸಲ ಮನೇಲಿ ಕೇಳಿ ನೋಡಿ ಸಾರ್."

"ನಿನ್ನ ಹತ್ರ ಕಲೀಬೇಕಾ ನಾನು?"

ಆಟೋದವನೊಬ್ಬ, "ಬುಡಿ ಸಾರ್, ಓದಿರೋರಿಗೇ ಟೋಪಿ ಹಾಕ್ತಾರೆ, ಇನ್ನು ನಮ್ಮಂಥೋರ ಗತಿ ಏನು," ಎಂದು ನಕ್ಕ. ಉಳಿದವರೂ ನಕ್ಕರು. ಭಾಯ್ ಬಗ್ಗಿದವರು ನೆಟ್ಟಗಾಗಿ ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ನನಗೆ ಗೆದ್ದಂತಾಯಿತು.

ಮರುದಿನ ಸ್ಟಾಫ್ ರೂಮಿನಲ್ಲಿ ಇದನ್ನೇ ಹೇಳಿದೆ. ಭಾಯ್ ಏನಂದ, ನಾನೇನಂದೆ, ಎಲ್ಲ ಅಭಿನಯಿಸಿ ತೋರಿಸಿದೆ. ಹೆಡ್‌ಮಾಸ್ಟರ್ ಕೇಳಿ, "ಹಾಗಾದ್ರೆ ವ್ಯಾನಿನ ಕೆಲಸ ಬೇರೆ ಕಡೆ ನೋಡೋಣ. ಮಂಡಳಿಯವರಿಗೆ ಮುಂದಿನ ಸೋಮವಾರ ಹೇಳ್ತೀನಿ," ಎಂದರು.

ನಡುವೆ ಒಂದು ಶುಕ್ರವಾರ ಬಂತು. ದಿನಾ ಬೆಳಿಗ್ಗೆ ನಾನು ಡೈರಿಗೆ ಹಾಲು ಹಾಕಿ ಬರಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಆ ದಿನ ಸಾಲೇ ಇರಲಿಲ್ಲ, ಬೇಗ ವಾಪಸಾದೆ. ಅಂಗಳದಲ್ಲಿ ಅವ್ವ ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿಕೊಂಡು ಕಾರು ತೊಳೆಯುತ್ತಿದ್ದಳು. ಪಕ್ಕದಲ್ಲಿ ಬಕೆಟ್ಟು, ತೆಂಗಿನ ಚಿಪ್ಪಿನಲ್ಲಿ ಒಲೆಯ ಬೂದಿ. ಕೈಯಲ್ಲಿ ಒಂದು ಹಿಡಿ ನಾರು. ದೀಪದ ಕಂಬ ಬೆಳಗುವ ಹಾಗೆ, ಮೊಣಕೈ ಸುತ್ತ ಸುತ್ತ ತಿರುಗಿಸುತ್ತಾ ಆ ಕಿಟಕಿಯನ್ನು ಉಜ್ಜುತ್ತಿದ್ದಳು.

ನಾನು ಕ್ಯಾನು ಹಿಡಿದು ಹಾಗೇ ನಿಂತೆ.

ನನ್ನನ್ನು ನೋಡಿ ಅವಳಿಗೆ ನಾಚಿಕೆಯಾಯಿತು. ಕೆಲಸ ಸಿಕ್ಕಿದ ದಿನವೇ ನಾನು, ಇನ್ನು ಮೇಲೆ ನೀನು ಯಾವ ಕೆಲಸವನ್ನೂ ಮುಟ್ಟಕೂಡದು ಎಂದು ಕಟ್ಟುನಿಟ್ಟು ಮಾಡಿದ್ದೆ. "ಬೈಬ್ಯಾಡ ಕಣಪ್ಪ. ಶುಕ್ರವಾರ ಪೂಜೆಗೆ ಮುಂಚೆ ಒಸಿ ತೊಳೀತೀನಿ ಅಷ್ಟೇ. ನಮ್ಮನೆ ಕಾರು ಅಲ್ವಾ," ಅಂದಳು. ಆಮೇಲೆ ಕಿಟಕಿಯನ್ನು ತೋರಿಸಿ, "ಬ್ಯಾರೆ ಗಾಜೆಲ್ಲ ಫಳಫಳ ಅಂತವೆ. ಇದೊಂದು ಯಾಕೋ ವಾರವಾರಕ್ಕೂ ಮಂಕಾಯ್ತದೆ. ಅದ್ಕೇ ಇದ್ಕೆ ಎರಡು ಸುತ್ತು ಜಾಸ್ತಿ ಉಜ್ತೀನಿ," ಅಂದಳು.

ವಾರವಾರಕ್ಕೂ ಮಂಕಾಗುತ್ತಿತ್ತು, ವಾರವಾರಕ್ಕೂ ಅವಳು ಹೆಚ್ಚು ಉಜ್ಜುತ್ತಿದ್ದಳು. ಆ ಕೈಗಳ ಶಕ್ತಿ ನನಗೆ ಗೊತ್ತು. ಅದೇ ಕೈಗಳ ಮೇಲೆ ನಾನು ಓದಿದವನು.

ಆಗಲಾದರೂ ಬಾಯಿ ಬಿಡಬಹುದಿತ್ತು. "ಇನ್ಮೇಲೆ ಕಾರು ತೊಳೀಬ್ಯಾಡ, ನಾನೇ ತೊಳ್ಕೋತೀನಿ," ಎಂದೆ, ಅಷ್ಟೇ.

"ನಾನು ಮುಟ್ಟಿದ್ರೆ ಮಾಸಿ ಹೋಯ್ತದಾ?" ಎಂದು ನಾರನ್ನು ಬಕೆಟ್ಟಿಗೆ ಹಾಕಿ ಒಳಗೆ ಹೋದಳು.

ಸೋಮವಾರ ಹೆಡ್‌ಮಾಸ್ಟರ್ ತಮ್ಮ ಕೋಣೆಗೆ ಕರೆದರು. ಮಂಡಳಿಯ ಕಾರ್ಯದರ್ಶಿಗಳೂ ಕೂತಿದ್ದರು. ಹೆಡ್‌ಮಾಸ್ಟರ್, "ಆ ಶೆಡ್ಡಿನವನ ವಿಷಯ ನೀವು ಹೇಳಿದ್ದು ಖಚಿತ ತಾನೇ ಮೇಷ್ಟ್ರೇ? ಇವರು ಕೇಳ್ತಾ ಇದಾರೆ," ಎಂದರು.

ನನಗೆ ಸತ್ಯ ಗೊತ್ತಾಗಿ ಮೂರು ದಿನವಾಗಿತ್ತು. ಆದರೆ ಅದನ್ನು ಹೇಳಬೇಕಾದರೆ, ನಮ್ಮವ್ವ ಬೂದಿ ನಾರು ಹಾಕಿ ಕಾರು ಉಜ್ಜಿದಳು ಎನ್ನಬೇಕಿತ್ತು. ಆ ಕೋಣೆಯಲ್ಲಿ ಕೂತವರ ತಾಯಂದಿರು ಯಾರೂ ಕಾಯಿ ಸುಲಿದವರಲ್ಲ. ಕಾರ್ಯದರ್ಶಿಗಳ ತೋಟದಲ್ಲೇ ನಮ್ಮವ್ವ ಸುಲಿದಿದ್ದಳು. ಯಾವುದು ಯಾವುದನ್ನು ಗೀರುತ್ತದೆ ಎಂದು ಮಕ್ಕಳಿಗೆ ಪಾಠ ಮಾಡುವ ನಾನು ಮನೆಯಲ್ಲಿ ಒಂದು ಮಾತು ಹೇಳಲಿಲ್ಲ ಎಂದೂ ಒಪ್ಪಬೇಕಿತ್ತು. ನಾನು ತಲೆಯಾಡಿಸಿದೆ. ಹೌದು ಎಂದು ಬಾಯಲ್ಲಿ ಕೂಡ ಹೇಳಲಿಲ್ಲ. ತಲೆ ಆಡಿಸಿದ್ದೇ ಸಾಕಾಯಿತು. ವ್ಯಾನಿನ ಕೆಲಸ ತುಮಕೂರಿನವರಿಗೆ ಹೋಯಿತು.

ಅದಾದ ಮೂರನೇ ವಾರ ಒಂದು ಸಂಜೆ ನಾನು ಮನೆಗೆ ಬಂದಾಗ ಅವ್ವ ತುಂಬ ಖುಷಿಯಾಗಿದ್ದಳು. ಪಕ್ಕದ ಮನೆಯ ಹೆಂಗಸಿನ ಜೊತೆ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದಿದ್ದಳು. ನಾನು ಹೇಳಿದ್ದೆನಲ್ಲ, ವಯಸ್ಸಾಯಿತು ಎಂದು.

"ಕಣ್ಣು ಚೆಂದಾಗೈತಂತೆ ಕಣ್ಲಾ. ಡಾಕ್ಟ್ರು ಹೇಳಿದ್ರು, ಇನ್ನೂ ಹತ್ತು ವರ್ಷ ಯೋಚ್ನೆ ಇಲ್ಲ ಅಂತ. ಅಂಗಾರೆ ಕೆಟ್ಟಿರೋದು ಗಾಜೇ ಇರ್ಬೇಕು ಅಂತ, ದಾರೀಲಿ ಆ ಸಾಬ್ರ ಶೆಡ್ಡಿಗೆ ಹೋಗಿದ್ದೆ."

"ಏನ್ ಕೇಳ್ದೆ?"

"ಏನ್ ಕೇಳೋದು? ಯಾಕಪ್ಪಾ ನೀನು ಹಾಕಿರೋ ಗಾಜು ಎಷ್ಟು ತೊಳೆದ್ರೂ ಮಂಕಾಗೇ ಇರ್ತದೆ, ನಾರು ಹಾಕಿ ಉಜ್ಜುದ್ರೂ ಬುಡಲ್ಲ ಅಂತ ಕೇಳ್ದೆ."

"ಅದ್ಕೆ?"

"ನನ್ನ ಕೂರಿಸ್ದ. ಆಮ್ಯಾಕೆ, 'ಅಮ್ಮಾ, ಆ ಶೀಟೇ ಸರಿ ಇರ್ಲಿಲ್ಲ, ತಪ್ಪು ನಿಮ್ಮದಲ್ಲ, ನಂದೇ,' ಅಂದ. ಟೀ ತರಿಸ್ಕೊಟ್ಟ. ಒಳ್ಳೆ ಮನುಷ್ಯ ಕಣ್ಲಾ. ತಪ್ಪು ಒಪ್ಕೊಳ್ಳೋರು ಈಗ ಎಲ್ಲವ್ರೆ?"

ನಾನು ಹತ್ತು ಜನರ ಮುಂದೆ ಮೋಸಗಾರ ಎಂದವನಿಗೆ, ತಾನು ಮೋಸಗಾರನಲ್ಲ ಎನ್ನುವುದಕ್ಕೆ ಸಾಕ್ಷಿ ತಾನಾಗಿ ಬಾಗಿಲಿಗೆ ನಡೆದು ಬಂದಿತ್ತು. ಅವರು ಆ ಸಾಕ್ಷಿಗೆ ಟೀ ಕುಡಿಸಿ ಕಳಿಸಿದ್ದರು.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಶೆಡ್ಡಿಗೆ ಹೋದೆ. ಅವರೊಬ್ಬರೇ ಇದ್ದರು, ಯಾವುದೋ ಸ್ಕೂಟರಿನ ಟೈರು ಬಿಚ್ಚುತ್ತಿದ್ದರು. ಶಾಲೆಗೆಂದು ತರಿಸಿದ್ದ ಶೀಟು ಹಾಳೆ ಕೀಳದೆ ಗೋಡೆಗೆ ಒರಗಿಕೊಂಡೇ ಇತ್ತು.

"ಭಾಯ್, ತಪ್ಪು ನಂದು. ನೀವು ಮನೇಲಿ ಹೇಳಿ ಅಂದಿದ್ರಿ, ನಾನು ಹೇಳ್ಲಿಲ್ಲ. ನಮ್ಮವ್ವ..."

"ಗೊತ್ತು ಸಾರ್. ಅಮ್ಮ ಬಂದಿದ್ರು." ಟೈರಿನಿಂದ ಕಣ್ಣೆತ್ತಲಿಲ್ಲ.

"ನನ್ನ ಕ್ಷಮಿಸ್ಬೇಕು."

"ಕ್ಷಮಿಸೋದೇನ್ ಬಂತು ಬುಡಿ." ಸ್ಪ್ಯಾನರ್ ಕೆಳಗಿಟ್ಟು ಆಗ ನನ್ನನ್ನು ನೋಡಿದರು. "ನೀವು ಇಲ್ಲಿಗೆ ಬಂದು ನನ್ನ ಒಬ್ಬನ ಹತ್ರ ಹೇಳಿದ್ರೆ ನಂಗೇನಾಯ್ತದೆ ಸಾರ್? ನಾನು ಮೋಸ ಮಾಡಿಲ್ಲ ಅಂತ ನಂಗೆ ಮೊದ್ಲೇ ಗೊತ್ತು. ಗೊತ್ತಿಲ್ದಿರೋರಿಗೆ ಹೇಳಿ. ಎಲ್ಲಿ ಹೇಳಿದ್ರೋ ಅಲ್ಲಿ ಹೇಳಿ."

"ಅವ್ವನಿಗೆ ಯಾಕೆ ಹಾಗೆ ಹೇಳಿದ್ರಿ?"

"ಡಾಕ್ಟ್ರು ಚೀಟಿ ತೋರಿಸ್ಕೊಂಡು ಅಷ್ಟು ಖುಷಿಯಾಗಿದ್ರು. ಆ ಮುಖಕ್ಕೆ ನೀವೇ ಹಾಳ್ಮಾಡಿರೋದು ಅಂತ ಹೆಂಗೆ ಹೇಳ್ಲಿ? ಅದು ನೀವು ಹೇಳ್ಬೇಕಾಗಿದ್ದ ಮಾತು."

ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಎದ್ದು ನಿಂತು ಹೇಳಿದೆ. ಹೇಳುವಾಗ ಒಂದು ಬದಲಾವಣೆ ಮಾಡಿದೆ. ಉಜ್ಜಿದ್ದು ನಾನೇ ಎಂದೆ. ನಾನೇ ನಾರು ಹಾಕಿ ತೊಳೆದೆ, ಆ ಮನುಷ್ಯ ಬೇಡವೆಂದು ಮೊದಲೇ ಹೇಳಿದ್ದ, ಕೆಲಸದಲ್ಲಿ ಒಂದು ಚೂರೂ ದೋಷ ಇರಲಿಲ್ಲ.

ಕನ್ನಡದ ಮೇಷ್ಟ್ರು ಡಬ್ಬಿ ಮುಚ್ಚುತ್ತಾ, "ಎಷ್ಟಾದರೂ ನಮ್ಮ ಕಡೆಯೋರು ಕಣ್ರೀ. ಕೈಲಾಸಕ್ಕೆ ಹೋದ್ರೂ ಒಂದು ಹಿಡಿ ನಾರು ಸೊಂಟಕ್ಕೆ ಸಿಕ್ಕಿಸ್ಕೊಂಡು ಹೋಗ್ತೀವಿ," ಎಂದರು. ಎಲ್ಲರೂ ನಕ್ಕರು. ಹೆಡ್‌ಮಾಸ್ಟರ್ ಕೂಡ ನಕ್ಕು, "ವ್ಯಾನಿನ ಕೆಲಸ ಆಗೋಯ್ತಲ್ಲ ಮೇಷ್ಟ್ರೇ, ಈಗ್ಯಾಕೆ ಅದು," ಎಂದು ನೀರು ಕುಡಿದರು. ಕಾರ್ಯದರ್ಶಿಗಳಿಗೂ ಹೇಳಿ ಎಂದು ಕೇಳಿಕೊಂಡೆ. ನೋಡೋಣ ಎಂದರು. ಅವರು ಹೇಳಲಿಲ್ಲ ಎಂದು ಗೊತ್ತಾದ ಮೇಲೆ ನಾನೇ ಕಾರ್ಯದರ್ಶಿಗಳ ಮನೆಗೆ ಹೋಗಿ ಹೇಳಿ ಬಂದೆ.

ಸ್ಟಾಫ್ ರೂಮಿನಲ್ಲಿ ಹೇಳಿದ ದಿನ ಸಂಜೆ ಅವ್ವನಿಗೂ ಹೇಳಿದೆ. ಎಲ್ಲವನ್ನೂ ಹೇಳಿದೆ, ತಲೆಯಾಡಿಸಿದ್ದನ್ನೂ. ಅವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. "ಮೊದ್ಲೇ ಹೇಳಿದ್ರೆ ಬಟ್ಟೇಲೇ ಒರೆಸ್ತಿದ್ನಲ್ಲೋ. ಹೇಳಿದ್ರೆ ತಿಳ್ಕೊಳ್ಳಕ್ಕಿಲ್ವಾ ನಾನು?" ಎಂದಳು.

ಸ್ಟಾಫ್ ರೂಮಿನಲ್ಲಿ ಉಜ್ಜಿದ್ದು ನಾನೇ ಎಂದು ಹೇಳಿದ್ದು ಅವ್ವನನ್ನು ಉಳಿಸಲಿಕ್ಕೋ, ಅಥವಾ ಅವ್ವನ ಕೈಯಲ್ಲಿದ್ದ ನಾರು ಅವರ ಕಣ್ಣಿಗೆ ಬೀಳದಿರಲಿ ಎಂದೋ, ನನಗೆ ಸರಿಯಾಗಿ ಗೊತ್ತಿಲ್ಲ. ಎರಡೂ ಇರಬೇಕು.

ಭಾಯ್ ಶೆಡ್ಡಿಗೆ ಆಮೇಲೆ ಹೋಗಿ ಕಿಟಕಿ ಬದಲಿಸಿಕೊಂಡೆ. ಗೋಡೆಗೆ ಒರಗಿದ್ದ ಶೀಟಿನಿಂದಲೇ ಕೊಯ್ದುಕೊಟ್ಟರು. ಅವ್ವನೂ ಬಂದಿದ್ದಳು. ಅವಳ ಜೊತೆ ಮಾತಾಡಿದರು, ನಕ್ಕರು. ನನ್ನ ಜೊತೆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ. ಸಾರ್ ಎನ್ನುವುದು ಮಾತ್ರ ತಪ್ಪಲಿಲ್ಲ. ಶೀಟಿನಲ್ಲಿ ಒಂದು ಕಿಟಕಿಯಷ್ಟು ಹೋಗಿ ಉಳಿದದ್ದು ಮತ್ತೆ ಗೋಡೆಗೆ ಒರಗಿತು.

ಕಳೆದ ತಿಂಗಳು ಒಂದು ತರಬೇತಿಗೆಂದು ಹುಳಿಯಾರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತಿದ್ದಾಗ, ಪಕ್ಕದಲ್ಲಿ ಕೊಬ್ಬರಿ ಚೀಲ ಹೇರಿಕೊಂಡ ಗಾಡಿಯ ಡ್ರೈವರ್ ಒಬ್ಬ ಅಂಗಡಿಯವನಿಗೆ ಹೇಳುತ್ತಿದ್ದ. ಅವನ ಗಾಡಿಯ ಪಕ್ಕದ ಗಾಜು ಹೋಗಿತ್ತು.

"ತಿಪಟೂರಲ್ಲಿ ಒಬ್ಬ ಸಾಬಿ ಹಾಕ್ತಾನಂತೆ," ಎಂದ ಅಂಗಡಿಯವನು.

"ಅವನ ಹತ್ರ ಬ್ಯಾಡ ಮಾರಾಯ. ಯಾರೋ ಹೈಸ್ಕೂಲ್ ಮೇಷ್ಟ್ರಿಗೇ ಡಬ್ಬಾ ಶೀಟು ಹಾಕ್ಬುಟ್ಟಿದ್ನಂತೆ. ಓದಿರೋರೇ ಹೇಳವ್ರೆ, ಸುಳ್ಳಿರ್ತದಾ?"

ನಾನು ಲೋಟ ಕೆಳಗಿಟ್ಟೆ. "ಆ ಮೇಷ್ಟ್ರು ನಾನೇ ಕಣಪ್ಪ," ಎಂದೆ. "ಅದು ಸುಳ್ಳು. ಅವರು ಹಾಕಿದ್ದು ಒಳ್ಳೇ ಶೀಟು. ನಾವೇ ನಾರು ಹಾಕಿ ಉಜ್ಜಿ ಹಾಳು ಮಾಡಿದ್ದು. ನಮ್ಮವ್ವ ಉಜ್ಜಿದ್ಳು, ನಾನು ಹೇಳಿರ್ಲಿಲ್ಲ ಅದ್ಕೆ."

ಡ್ರೈವರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀವು ಆ ಸಾಬ್ರಿಗೆ ಬೇಕಾದೋರಾ ಸಾರ್?"

"ಬೇಕಾದೋನಲ್ಲ. ಅವರ ಹೆಸ್ರು ಕೆಡ್ಸಿದೋನು."

ಅವನಿಗೆ ಇದು ತಮಾಷೆ ಅನ್ನಿಸಿತು. "ನೋಡಾನ ಬುಡಿ ಸಾರ್," ಎಂದು ನಗುತ್ತಾ ಗಾಡಿ ಹತ್ತಿದ. ಗಾಜಿಲ್ಲದ ಕಿಟಕಿಗೆ ಒಂದು ಗೋಣಿಚೀಲ ಇಳಿಬಿಟ್ಟಿದ್ದ. ತಿಪಟೂರಿಗೆ ಹೋದನೋ, ಬೇರೆ ಕಡೆ ಹೋದನೋ ನನಗೆ ತಿಳಿಯದು. ಅಂಗಡಿಯವನು ಇನ್ನೂ ನನ್ನನ್ನೇ ನೋಡುತ್ತಿದ್ದ. ಅವನಿಗೆ ಶೆಡ್ಡು ಎಲ್ಲಿದೆ, ಯಾವ ತಿರುವು, ಎಷ್ಟು ಹೊತ್ತಿಗೆ ತೆಗೆದಿರುತ್ತದೆ ಎಂದು ವಿವರವಾಗಿ ಹೇಳಿದೆ. ಅವನು ಕೇಳಿರಲಿಲ್ಲ. ಆದರೂ ಹೇಳಿದೆ.